ಬೆಟ್ಟ ಸೀಳುವವರ ಮನೆಯ ಇನ್ನೊಬ್ಬ

ನನ್ನ ಹೆಂಡತಿ ಯುಗೆತ್‌ಗೆ ಕೋಪ ಬಂದರೆ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಾಳೆ. ಪೂರ್ತಿ ಎಂದರೆ, ಪಾದ್ರಿ ನನ್ನ ತಲೆಗೆ ನೀರು ಹಾಕುವಾಗ ಓದಿದಷ್ಟೂ: ಜೋಸೆಫ್ ರೊಸೇರ್ ಗಯೆತಾನ್ ತ್ರಾಂಶ್‌ಮೊಂತಾನ್. ಇದರಲ್ಲಿ ಜೋಸೆಫ್ ಎಂಬುದು ನಮ್ಮ ಕಾಲದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಚರ್ಚು ಪುಕ್ಕಟೆಯಾಗಿ ಕೊಟ್ಟದ್ದು (ಹೆಣ್ಣುಮಕ್ಕಳಿಗೆಲ್ಲ ಕನ್ಯಾಮಾತೆಯ ಹೆಸರು, ಮಾರಿ). ರೊಸೇರ್ ನನ್ನ ಗಾಡ್‌ಫಾದರ್‌ನ ಹೆಸರು. ಆ ಮಹಾನುಭಾವ ಜೀವಮಾನದಲ್ಲಿ ನನಗೆ ಕೊಟ್ಟದ್ದು ಅದೊಂದೇ. ಗಯೆತಾನ್ ಎನ್ನುವುದು ಊಟಕ್ಕೆ ಕರೆಯಲು. ಉಳಿದ ತ್ರಾಂಶ್‌ಮೊಂತಾನ್ ಮಾತ್ರ ನನ್ನ ಸ್ವಂತ ಆಸ್ತಿ. ನಮ್ಮ ಫ್ರೆಂಚಿನಲ್ಲಿ ಅದರ ಅರ್ಥ 'ಬೆಟ್ಟ ಸೀಳುವವ'.

ಈ ಹೆಸರಿಗೆ ನಾನು ಕಳಂಕ ತಂದವನಲ್ಲ. ನಿವೃತ್ತನಾಗುವವರೆಗೆ ನಮ್ಮ ಪುರಸಭೆಯ ಹಿಮ ತಳ್ಳುವ ಲಾರಿಯನ್ನು ಓಡಿಸಿದವನು ನಾನೇ. ಜನವರಿಯಲ್ಲಿ ನದಿಯ ಮೇಲಿಂದ ಗಾಳಿ ಬೀಸಿ ಬೆಳಗಾಗುವುದರೊಳಗೆ ಬೀದಿಗಳಲ್ಲಿ ಬಿಳಿ ಬೆಟ್ಟಗಳು ಎದ್ದಿರುತ್ತಿದ್ದವು. ಅವನ್ನು ಸೀಳಿ ಶಾಲೆಗೆ, ಬೇಕರಿಗೆ, ಸ್ಮಶಾನಕ್ಕೆ ದಾರಿ ಮಾಡಿಕೊಡುತ್ತಿದ್ದವನು ಯಾರು? ನನ್ನ ವಂಶದಲ್ಲಿ ಹೆಸರಿಗೆ ತಕ್ಕ ಕೆಲಸ ಮಾಡಿದವನು ನಾನೊಬ್ಬನೇ ಇರಬೇಕು ಎಂದು ಒಮ್ಮೆ ಯುಗೆತ್‌ಗೆ ಹೇಳಿದೆ. "ಹೌದು, ಬೆಟ್ಟ ಸೀಳ್ತೀಯ. ಕ್ರಿಸ್‌ಮಸ್ ಕೋಳಿ ಸೀಳು ಅಂದ್ರೆ ಮಾತ್ರ ಪಕ್ಕದ ಮನೆಯವರನ್ನ ಕರೀತೀಯ," ಎಂದಳು.

ಅವಳದ್ದು ಲದೂಸರ್ ಮನೆತನ. ಲದೂಸರ್ ಎಂದರೆ 'ಮೃದು ಸ್ವಭಾವ'. (ಈ ಹೆಸರನ್ನು ಇಟ್ಟ ಪುಣ್ಯಾತ್ಮ ಮುಂದೆ ಯುಗೆತ್ ಹುಟ್ಟುತ್ತಾಳೆಂದು ಕಂಡಿರಲಿಲ್ಲ.) ನಮ್ಮ ಕಡೆ ಮದುವೆಯಾದ ಮೇಲೂ ಹೆಂಡತಿ ತವರಿನ ಹೆಸರಲ್ಲೇ ಇರಬೇಕೆಂದು ಕಾನೂನಿದೆ. ಹಾಗಾಗಿ ನಮ್ಮ ಅಂಚೆಪೆಟ್ಟಿಗೆಯ ಮೇಲೆ ಎರಡು ಹೆಸರುಗಳಿವೆ. ಮನೆಯ ನೆಲಮಾಳಿಗೆಯಲ್ಲಿ ಯುಗೆತ್ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಾಳೆ. ಊರಿನ ಹೆಂಗಸರ ತಲೆಗಳು, ಆ ತಲೆಗಳ ಒಳಗಿನ ಸುದ್ದಿಗಳು, ಎರಡೂ ಅವಳ ಕೈಯಲ್ಲೇ ಇವೆ.

ನಮ್ಮ ಒಬ್ಬಳೇ ಮಗಳು ಎಲೋದಿ. ಅವಳು ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಗೆರೆ ಹಾಕಿ ಜೋಡಿಸುವ ಶೋಕಿ ಊರಿಗೆಲ್ಲ ಹಬ್ಬಿತ್ತು. ನಾವೂ ಜೋಡಿಸಿದೆವು: ಎಲೋದಿ ತ್ರಾಂಶ್‌ಮೊಂತಾನ್-ಲದೂಸರ್. ಪಾಪ, ಶಾಲೆಯಲ್ಲಿ ಅವಳು ಹೆಸರು ಬರೆದು ಮುಗಿಸುವ ಹೊತ್ತಿಗೆ ಉಳಿದ ಮಕ್ಕಳು ಮೊದಲ ಪ್ರಶ್ನೆ ದಾಟಿರುತ್ತಿದ್ದರು. ಆ ಕಷ್ಟದಿಂದ ಅವಳು ಕಲಿತದ್ದು ಏನೂ ಇಲ್ಲ. ಬೆಳೆದು ದೊಡ್ಡವಳಾಗಿ ಜೊತೆಗಾರನೆಂದು ಕರೆತಂದದ್ದು ಜೆರೆಮಿ ಪೆಲ್ತಿಯೆ-ಲೆವೆಕ್ ಎಂಬುವವನನ್ನು.

ಕಳೆದ ಶರತ್ಕಾಲದಲ್ಲಿ ಇಬ್ಬರೂ ಬಂದು, ಜೂನ್ ತಿಂಗಳಲ್ಲಿ ಮಗು ಹುಟ್ಟುತ್ತದೆ ಎಂದರು. ಯುಗೆತ್ ಅತ್ತಳು, ನಾನೂ ಅತ್ತೆ, ಜೆರೆಮಿ ಸುಮ್ಮನೆ ಎರಡು ಸಲ ಕಾಫಿ ಹಾಕಿಕೊಂಡ. ಕಣ್ಣು ಒರೆಸಿಕೊಂಡ ಮೇಲೆ ನನಗೆ ಲೆಕ್ಕ ಹೊಳೆಯಿತು.

"ಮಗೂಗೆ ಮನೆಹೆಸರು ಯಾವುದು? ನಾಲ್ಕಿವೆಯಲ್ಲ," ಎಂದೆ.

"ಸರ್ಕಾರ ಎರಡಕ್ಕಿಂತ ಹೆಚ್ಚು ಬಿಡಲ್ಲ ಅಪ್ಪ."

"ನಾಲ್ಕೂ ಇಟ್ರೆ ಸರ್ಕಾರದ ಗಂಟೇನು ಹೋಗತ್ತೆ?"

"ಹಾಕಿ ಆಡುವಾಗ ಜರ್ಸಿ ಮೇಲೆ ಬರೀಬೇಕಲ್ಲ," ಎಂದ ಜೆರೆಮಿ. "ಬೆನ್ನು ಸಾಲದೆ ಹೊಟ್ಟೆ ಮೇಲೆ ಬಂದು ಮುಗಿಯತ್ತೆ."

ಎಲೋದಿ ಆಗಲೇ ಎಲ್ಲ ಯೋಚಿಸಿಬಿಟ್ಟಿದ್ದಳು. "ನಮ್ಮ ಕಡೆಯಿಂದ ಒಂದು, ಅವನ ಕಡೆಯಿಂದ ಒಂದು. ಯಾವುದು ಅಂತ ನೀನೂ ಅಮ್ಮನೂ ತೀರ್ಮಾನ ಮಾಡ್ಕೊಳ್ಳಿ. ನನ್ನನ್ನ ಮಧ್ಯಕ್ಕೆ ಎಳೀಬೇಡಿ. ಮಗು ಹುಟ್ಟೋದ್ರೊಳಗೆ ಹೇಳಿದ್ರೆ ಸಾಕು."

ಜೆರೆಮಿಯ ಮನೆಯಲ್ಲಿ ಈ ಪ್ರಶ್ನೆ ಫೋನಿನಲ್ಲೇ ಬಗೆಹರಿಯಿತು. ಅವನ ತಂದೆ ಪೆಲ್ತಿಯೆ ಮಹಾಶಯ, "ನನ್ನವಳ ಲೆವೆಕ್ಕೇ ಇರಲಿ ಬಿಡಿ," ಎಂದು ಹೇಳಿ ಟೀವಿಯಲ್ಲಿ ಹಾಕಿ ಪಂದ್ಯ ನೋಡಲು ಹೋದನಂತೆ. ಬೆನ್ನುಮೂಳೆ ಇಲ್ಲದ ಮನುಷ್ಯ ಎಂದು ನಾನು ಮನಸ್ಸಿನಲ್ಲೇ ಅವನ ಮೇಲೆ ತೀರ್ಪು ಬರೆದೆ.

ನಮ್ಮ ಮನೆಯಲ್ಲಿ ಯುದ್ಧ ಶುರುವಾಯಿತು.

"ಹೆತ್ತವಳು ನಾನು," ಎಂದಳು ಯುಗೆತ್. "ಆವತ್ತು ನೀನು ಆಸ್ಪತ್ರೆ ಹೊರಗೆ ಹಿಮ ತಳ್ತಿದ್ದೆ."

"ನಾನು ತಳ್ಳದೆ ಇದ್ದಿದ್ರೆ ಡಾಕ್ಟ್ರು ಒಳಗೆ ಬರ್ತಿರಲಿಲ್ಲ."

"ಅದಕ್ಕೆ ಆವತ್ತೇ ನಿನ್ನ ಹೆಸರನ್ನ ಮೊದಲು ಹಾಕಿದ್ದಾಯ್ತು. ಈಗ ನನ್ನ ಸರದಿ."

"ಟೆಲಿಫೋನ್ ಪುಸ್ತಕ ತೆಗೆದು ನೋಡು. ಲದೂಸರ್‌ಗಳು ಪುಟಗಟ್ಟಲೆ ಇದ್ದಾರೆ. ನೀವು ಮುಗಿದುಹೋಗೋ ಜನ ಅಲ್ಲ."

"ಈಗ ಯಾರ ಮನೇಲಿ ಟೆಲಿಫೋನ್ ಪುಸ್ತಕ ಇದೆ ಮಹಾರಾಯ," ಎಂದು ಅವಳು ಎದ್ದುಹೋದಳು.

ಇಲ್ಲಿ ಒಂದು ಮಾತನ್ನು ನಗೆಯಿಲ್ಲದೆ ಹೇಳಬೇಕು. ನಮ್ಮ ಊರಿನಲ್ಲಿ, ನನಗೆ ತಿಳಿದ ಮಟ್ಟಿಗೆ ಎಲ್ಲೂ, ಈ ಹೆಸರನ್ನು ಗೆರೆ ಹಾಕಿ ಜೋಡಿಸದೆ ಹೊತ್ತವರು ನಮ್ಮ ಕವಲಿನಲ್ಲಿ ಉಳಿದದ್ದು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ವೃದ್ಧರ ಮನೆಯಲ್ಲಿರುವ ನನ್ನ ಸೋದರತ್ತೆ ರೋಲಾಂದ್. ನಾವು ಹೋದ ದಿನ ಯಾರೋ ಬಂದು ಅಂಚೆಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಉಗುರಿನಿಂದ ಕೀಳುತ್ತಾರೆ, ಅಲ್ಲಿಗೆ ಮುಗಿಯಿತು. ಇದನ್ನು ನೆನೆದರೆ ನನಗೆ ನಿಜವಾಗಿ ದುಃಖವಾಗುತ್ತಿತ್ತು. ಗಂಡಸು ಹೀಗೆಲ್ಲ ದುಃಖ ಪಡಬಾರದೆಂದು ನಾನು ಅದಕ್ಕೆ ಸಿಟ್ಟಿನ ಅಂಗಿ ತೊಡಿಸಿದ್ದೆ.

ಆಗ ನನಗೆ ಆ ಘನಂದಾರಿ ಉಪಾಯ ಹೊಳೆಯಿತು. ಇತಿಹಾಸವೇ ತೀರ್ಪು ಕೊಡಲಿ. ಫ್ರಾನ್ಸಿನ ರಾಜನ ಕಾಲದಲ್ಲಿ ಹಡಗು ಹತ್ತಿ ಈ ನೆಲಕ್ಕೆ ಯಾರ ಮೂಲಪುರುಷ ಮೊದಲು ಬಂದನೋ ಅವರ ಹೆಸರು ಮಗುವಿಗೆ.

"ಒಪ್ಪಿದೆ," ಎಂದಳು ಯುಗೆತ್, ಯಾರದೋ ಕೂದಲಿಗೆ ಸುರುಳಿ ಸುತ್ತುತ್ತಾ. "ನಮ್ಮ ವಂಶವೃಕ್ಷ ಇಲ್ಲೇ ಗೋಡೆ ಮೇಲಿದೆ. ನಿಂದು ಹುಡುಕ್ಕೊಂಡು ಬಾ."

ಅವಳ ಅಂಗಡಿಯ ಕನ್ನಡಿಯ ಪಕ್ಕ ಒಂದು ವಂಶವೃಕ್ಷ ನೇತಾಡುತ್ತಿರುವುದು ನಿಜ. ಪಾದ್ರಿಯಾಗಿದ್ದ ಅವಳ ದೊಡ್ಡಪ್ಪ ಬರೆದದ್ದು. ಬುಡದಲ್ಲಿ ನಿಕೊಲಾ ಉರುಫ್ ಲದೂಸರ್ ಎಂಬ ಸಿಪಾಯಿ. ಅವನ ಕಿರಿಮಗನಿಂದ ಹಿಡಿದು ಯುಗೆತ್‌ಳ ಅಪ್ಪನವರೆಗೆ ಸಾಲಾಗಿ ಗಂಡಸರು. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಪಾದ್ರಿ ಬರೆದ ಮರವಾದ್ದರಿಂದ ಲದೂಸರ್‌ಗಳು ಮಳೆ ಬಂದ ಮಾರನೆಯ ದಿನದ ಅಣಬೆಗಳಂತೆ ತಾವಾಗಿಯೇ ಎದ್ದುಬಂದಿದ್ದರು. ಆ ಮರವನ್ನು ನೋಡುತ್ತಲೇ ನಾನು ಮೂರು ದಶಕ ಕೂದಲು ಕತ್ತರಿಸಿಕೊಂಡಿದ್ದೇನೆ. ಕೂದಲು ಖಾಲಿಯಾಯಿತೇ ಹೊರತು ಆ ಮರದ ಬಗ್ಗೆ ನನಗೆ ಒಂದು ಪ್ರಶ್ನೆಯೂ ಏಳಲಿಲ್ಲ.

ಚಳಿಗಾಲವಿಡೀ ನಾನು ಗ್ರಂಥಾಲಯದ ಕೆಳಮನೆಯಲ್ಲಿ ಕಳೆದೆ. ಅಲ್ಲಿ ವಂಶಾವಳಿ ಸಂಘದವರು ಕೂರುತ್ತಾರೆ. ಎಲ್ಲರೂ ನಿವೃತ್ತರು, ಎಲ್ಲರೂ ತಮ್ಮ ತಮ್ಮ ಬೇರಿನಲ್ಲಿ ಒಬ್ಬ ರಾಜವಂಶದವನಿಗಾಗಿ ಅಗೆಯುತ್ತಿರುವವರು. ಒಬ್ಬರಿಗೆ ಆಗಷ್ಟೇ ಉಪ್ಪು ಕದ್ದು ಗಡೀಪಾರಾದ ಮೂಲಪುರುಷ ಸಿಕ್ಕಿದ್ದ. ಅವರು ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ.

ಅಲ್ಲಿ ಕುಳಿತಾಗಲೇ ನನಗೆ ನಮ್ಮ ಹಿರಿಯರ ಹೆಸರಿನ ಸಂಸಾರ ಅರ್ಥವಾದದ್ದು. ರಾಜನ ಸೈನ್ಯದ ಒಂದೊಂದು ತುಕಡಿಯಲ್ಲೂ ಕೈಗೊಬ್ಬ ಪಿಯೆರ್, ಕಾಲಿಗೊಬ್ಬ ಜಾನ್. ಕ್ಯಾಪ್ಟನ್ 'ಜಾನ್' ಎಂದು ಕೂಗಿದರೆ ಅರ್ಧ ಪಡೆ ಮುಂದೆ ಬರುತ್ತಿತ್ತು. ಅದಕ್ಕೆ ಪ್ರತಿಯೊಬ್ಬನಿಗೂ ಒಂದು ಯುದ್ಧನಾಮ: ನಿಶ್ಚಿಂತ, ನಗೆಮೊಗ, ಹೂವಪ್ಪ, ಎದೆಗಾರ. ಯುದ್ಧ ಮುಗಿದು ಇಲ್ಲೇ ಭೂಮಿ ಹಿಡಿದು ನಿಂತ ಮೇಲೂ ಉರುಫ್ ಬಿಡಲಿಲ್ಲ. ಕ್ರಮೇಣ ಅಸಲು ಹೆಸರೇ ಉದುರಿಹೋಗಿ ಉರುಫೇ ಮನೆಹೆಸರಾಯಿತು, ಎಷ್ಟೋ ಕಡೆ ಹೊಲಕ್ಕೂ ಅದೇ ಹೆಸರಾಯಿತು. ನಮ್ಮ ಮೂಲಪುರುಷ ಮಾತುರಿನ್ ಗಾಬುರಿ ಉರುಫ್ ತ್ರಾಂಶ್‌ಮೊಂತಾನ್. ಹಡಗಿನಿಂದ ಇಳಿದು ಎದುರಿನ ಬೆಟ್ಟ ನೋಡಿ, ಇದನ್ನು ಸೀಳಿಬಿಡುತ್ತೇನೆ ಎಂದು ಕೊಚ್ಚಿಕೊಂಡಿರಬೇಕು. ಮಾತಿನಲ್ಲಿ ಶೂರ. ನನಗೆ ಅವನ ಮೇಲೆ ಅಪಾರ ಪ್ರೀತಿ ಉಕ್ಕಿತು.

ಮಾತುರಿನ್‌ನ ಹೆಂಡತಿ ಪೆರಿನ್. ಅವರ ಮಗ ಆಂಬ್ರೋಜ್. ನನ್ನಿಂದ ಹಿಂದಕ್ಕೆ ಹಿಂದಕ್ಕೆ ಹೋದರೆ ಸಿಗುವ ಕೊನೆಯ ಅಜ್ಜನೂ ಪೆರಿನ್‌ಳ ಮಗ ಆಂಬ್ರೋಜ್ ತ್ರಾಂಶ್‌ಮೊಂತಾನನೇ. ಚರ್ಚಿನ ದಾಖಲೆಯ ಅವನ ಮದುವೆಯ ಪುಟದಲ್ಲಿ ತಂದೆಯ ಹೆಸರಿನ ಮೇಲೆ ಯಾವನೋ ಮಸಿ ಚೆಲ್ಲಿದ್ದ, ಆದರೆ ಅದಕ್ಕೇನಂತೆ? ತಾಯಿ ಒಬ್ಬಳೇ, ಊರೊಂದೇ, ಹೆಸರೂ ಅಪರೂಪದ್ದು. ಎರಡು ತುದಿಯನ್ನು ಹಿಡಿದು ಗಂಟು ಹಾಕಿದೆ. ಹುಟ್ಟಿದ ಪುಟ ಸಿಕ್ಕಿದ ಮೇಲೆ ಸತ್ತ ಪುಟವನ್ನು ಯಾರು ಹುಡುಕುತ್ತಾರೆ?

ಮಾತುರಿನ್ ಬಂದದ್ದು ಯುಗೆತ್‌ಳ ನಿಕೊಲಾಗಿಂತ ಮೊದಲು. ಗೆದ್ದೆ. ಆ ದಿನ ಗ್ರಂಥಾಲಯದಿಂದ ಮನೆಗೆ ಬರುವಾಗ ಹೊಸ ಡ್ರೈವರ್ ಮಾಡಿದ ಹಿಮದ ರಾಶಿ ನೋಡಿ ಕೂಡ ನನಗೆ ಬೈಯಬೇಕೆನಿಸಲಿಲ್ಲ.

ಫಲಿತಾಂಶ ಘೋಷಣೆಗೆ ಮೇಪಲ್ ಮರದ ರಸ ಕಾಸಿ ಪಾಕ ತೆಗೆಯುವ ವಸಂತಕಾಲದ ಒಂದು ಭಾನುವಾರ ಗೊತ್ತುಮಾಡಿದೆ. ಗೋಡೆಗೆ ಅಂಟಿಸಿ ಮಿಕ್ಕಿದ್ದ ಬಣ್ಣದ ಕಾಗದದ ಸುರುಳಿಯ ಹಿಂಬದಿಗೆ ಮರ ಬರೆದೆ. ಎಲೋದಿ ಹೊಟ್ಟೆ ಹೊತ್ತು ಬಂದಳು, ಜೆರೆಮಿ ಬಂದ, ರೋಲಾಂದ್ ಅತ್ತೆಯನ್ನು ವೃದ್ಧರ ಮನೆಯಿಂದ ನಾನೇ ಹೋಗಿ ಕರೆತಂದೆ. ಅತ್ತೆಗೆ ತೊಂಬತ್ತು ದಾಟಿದೆ. ಕಿವಿ ಒಂದಿಷ್ಟು ಮಂದ, ನಾಲಗೆ ಮಂದವಲ್ಲ.

ಅತ್ತೆಯ ಬಗ್ಗೆ ಒಂದು ವಿಷಯ ಹೇಳಬೇಕು. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಇನ್ನೊಬ್ಬ' ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಹಿರಿಮಗ ಯಾರೋ ಅವನಿಗೆ ಆ ಹೆಸರು. ನನ್ನ ಅಪ್ಪನೂ ಇನ್ನೊಬ್ಬನೇ ಆಗಿದ್ದ. ನಾನು ಹುಟ್ಟಿದ ದಿನ ಆ ಪಟ್ಟ ನನಗೆ ಬಂದು ಅವನು 'ಮುದುಕ' ಆದ. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ. ಯಾಕೆ ಹೀಗೆ ಎಂದು ನಾನು ಯಾವತ್ತೂ ಕೇಳಲಿಲ್ಲ. ನನ್ನ ಸೋದರಮಾವನ ಮಗ ಶಾಲೆಯಲ್ಲಿ ಯಾವಾಗಲೂ ಮೊದಲಿಗನಾಗಿದ್ದ, ಅದಕ್ಕೆ ನಾನು 'ಇನ್ನೊಬ್ಬ' ಎಂದು ನಾನೇ ಅರ್ಥ ಮಾಡಿಕೊಂಡು ನೊಂದಿದ್ದೆ.

ಬಟಾಣಿ ಸೂಪು ಮುಗಿಯಿತು, ಪಾಕದಲ್ಲಿ ಬೇಯಿಸಿದ ಹಂದಿಮಾಂಸ ಬಂತು. (ಕತ್ತರಿಸಿದವಳು ಯುಗೆತ್.) ನಾನು ಎದ್ದು ನಿಂತು ಸುರುಳಿಯನ್ನು ಬಿಚ್ಚಿದೆ. ಜೆರೆಮಿ ಒಂದು ತುದಿ ಹಿಡಿದುಕೊಂಡ. ಮಾತುರಿನ್‌ನ ಶೌರ್ಯ, ಸಾಗರಯಾನ, ಭೂಮಿ ಹಸನು ಮಾಡಿದ ಪರಾಕ್ರಮ ಎಲ್ಲವನ್ನೂ ಮಂಡಿಸಿ ಕೊನೆಗೆ ಗಂಭೀರ ದನಿಯಲ್ಲಿ ಹೇಳಿದೆ: "ಈ ಮಾತುರಿನ್‌ನ ಏಕಮಾತ್ರ ಪುತ್ರ ಆಂಬ್ರೋಜ್‌ನಿಂದಲೇ ನಾವೆಲ್ಲರೂ."

"ಯಾವ ಆಂಬ್ರೋಜ್?" ಎಂದಳು ಅತ್ತೆ, ಹುರಿದ ಹಂದಿಚರ್ಮವನ್ನು ಕಟುಕುಟು ಅಗಿಯುತ್ತಾ.

"ಒಬ್ಬನೇ ಅಲ್ವಾ ಅತ್ತೆ. ಮಾತುರಿನ್ ಮಗ."

"ಅದು ಸತ್ತೋಯ್ತಲ್ಲೋ."

ನಾನು ಜೋರಾಗಿ, ಅವಳಿಗೆ ಕೇಳಿಸುವಂತೆ ಹೇಳಿದೆ: "ಎಲ್ಲರೂ ಸತ್ತಿದ್ದಾರೆ ಅತ್ತೆ. ಮುನ್ನೂರು ವರ್ಷ ಆಯ್ತು."

"ಕೂಗಬೇಡ, ಕೇಳತ್ತೆ. ಅದು ಕೂಸಿದ್ದಾಗಲೇ ಸತ್ತೋಯ್ತು ಅಂತ ಹೇಳ್ತಿದೀನಿ. ತೊಟ್ಟಿಲಲ್ಲಿ. ಅದೇ ಚಳಿಗಾಲ ಅಪ್ಪನೂ ನದಿ ಮೇಲಿನ ಮಂಜುಗಡ್ಡೆ ಒಡೆದು ಮುಳುಗಿಹೋದ. ಆಮೇಲೆ ಪೆರಿನ್ ಮತ್ತೆ ಮದುವೆ ಆದ್ಲು. ಆಗ ಹುಟ್ಟಿದ ಮಗೂಗೆ ಸತ್ತುಹೋದ ಮಗೂ ಹೆಸರನ್ನೇ ಇಟ್ಲು. ಆಗೆಲ್ಲ ಹಾಗೇ ಇಡ್ತಿದ್ರು. ನಾವು ಆ ಇನ್ನೊಬ್ಬನ ಕಡೆಯವರು. ನಿನ್ನನ್ನ ಇನ್ನೊಬ್ಬ ಅಂತ ಮತ್ಯಾಕೆ ಕರೀತೀನಿ ಅಂದ್ಕೊಂಡಿದ್ದೆ?"

ನನ್ನ ಕೈಯ ಸುರುಳಿ ತಾನಾಗಿ ಸುತ್ತಿಕೊಳ್ಳತೊಡಗಿತು. ಚಳಿಗಾಲವಿಡೀ ಕೂತು ನಾನು ಸಾಧಿಸಿದ್ದು ಇಷ್ಟು: ತೊಟ್ಟಿಲಿನಿಂದ ಇಳಿಯದ ಒಂದು ಕೂಸಿಗೆ ಮಗ, ಮೊಮ್ಮಗ, ಮರಿಮಗ ಎಲ್ಲರನ್ನೂ ಕೊಟ್ಟಿದ್ದೆ.

"ಅಜ್ಜಿ ನಿಂಗೆ ಹೇಳಿಲ್ವಾ?" ಅತ್ತೆ ಮುಂದುವರಿಸಿದಳು. "ನಿನ್ನ ಹುಟ್ಟುಹಬ್ಬದ ಕೇಕಲ್ಲಿ ಒಂದು ಚೂರು ಕಿಟಕಿ ಮೇಲೆ ಇಡ್ತಿದ್ಲಲ್ಲ. ಆ ಮೊದಲನೇ ಕೂಸಿಗೆ ಅಂತ."

ನಾನು ಅದನ್ನು ಗುಬ್ಬಿಗಳಿಗೆಂದು ತಿಳಿದಿದ್ದೆ. ಅವಳು ಅತ್ತ ತಿರುಗಿದ ಮೇಲೆ ಎತ್ತಿ ತಿನ್ನುತ್ತಿದ್ದೆ ಕೂಡ.

ಯುಗೆತ್ ಬಡಿಸುವ ಚಮಚ ಕೆಳಗಿಟ್ಟಳು. "ಅತ್ತೆ, ಆ ಎರಡನೇ ಗಂಡ ಯಾರು?"

"ಅವನೂ ಸಿಪಾಯಿನೇ. ಇವಳ ಹೊಲಕ್ಕೆ ಬಂದು ಸೇರ್ಕೊಂಡ. ಹಾಗಾಗಿ ಮಗನನ್ನ ಊರಲ್ಲಿ ಹೊಲದ ಹೆಸರಿಂದಾನೇ ಕರೆದ್ರು. ಅವನದ್ದು ಎಂಥದೋ ಮೆತ್ತನೆ ಹೆಸರು. ನಿಮ್ಮ ಪೈಕಿಯವನೇ ಅಲ್ವೇನೆ, ಲದೂಸರ್?"

ಎಲೋದಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅವಳ ಹೊಟ್ಟೆ ಕುಲುಕಿದ ರೀತಿಯಿಂದ ಒಳಗಿದ್ದ ಮಗುವೂ ನಗುತ್ತಿದೆ ಎಂದು ನನಗೆ ಅನ್ನಿಸಿತು. ಯುಗೆತ್ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸ ನೆಂಟನನ್ನು ನೋಡುವ ಹಾಗೆ ನೋಡಿ, "ಬನ್ನಿ, ಕೂತ್ಕೊಳ್ಳಿ ಲದೂಸರ್ ಅವರೇ. ಸ್ವಲ್ಪ ಮಾಂಸ ಹಾಕ್ಲಾ?" ಎಂದಳು.

"ಹಾಗಾದ್ರೆ ನಾವು ಹಿರಿಮಗನ ಕವಲು. ನೀವು ಕಿರಿಮಗನ ಕಡೆಯವರು," ಎಂದೆ, ಮಾನ ಉಳಿಸಿಕೊಳ್ಳಲು.

"ಹಿರಿಯರಾದ್ರೆ ಪಾತ್ರೆ ತೊಳೀರಿ."

ತೊಳೆದೆ.

ಮರುದಿನ ಅಂಗಡಿಗೆ ರಜೆ ಹಾಕಿ ಯುಗೆತ್ ನನ್ನ ಜೊತೆ ಗ್ರಂಥಾಲಯಕ್ಕೆ ಬಂದಳು. ಅತ್ತೆ ಹೇಳಿದ್ದು ಅಷ್ಟೂ ಸರಿಯಾಗಿತ್ತು. ಲದೂಸರ್ ಹೆಸರಿನ ಕೆಳಗೆ ನಾನು ಹುಡುಕಿಯೇ ಇರಲಿಲ್ಲ. ಎರಡನೆಯ ಆಂಬ್ರೋಜ್ ಅಲ್ಲಿ, ಯುಗೆತ್‌ಳ ಗೋಡೆಯ ಮೇಲಿನ ಅದೇ ನಿಕೊಲಾನ ಹಿರಿಮಗನಾಗಿ, ಆರಾಮಾಗಿ ಕುಳಿತಿದ್ದ. ಮೊದಲನೆಯವನನ್ನು ಮಣ್ಣು ಮಾಡಿದ ಪುಟವೂ ಸಿಕ್ಕಿತು. ಪಾದ್ರಿ ಎರಡೇ ಸಾಲು ಬರೆದಿದ್ದ. ಯುಗೆತ್ ಅದನ್ನು ಬಹಳ ಹೊತ್ತು ನೋಡಿದಳು.

"ಇವಳು ಹೊಸ ಮಗೂನ ಊಟಕ್ಕೆ ಕರೆದಾಗೆಲ್ಲ ಹಳೇದನ್ನೂ ಕರೆದ ಹಾಗೇ ಆಗ್ತಿತ್ತಲ್ಲ," ಎಂದಳು. "ಎಷ್ಟು ಸಲ ಕರೆದಿರಬೇಕು, ಪಾಪ."

ಕಾರಿನಲ್ಲಿ ಬರುವಾಗ ಅವಳು ಮತ್ತೆ ಹೇಳಿದಳು: "ಸತ್ತ ಗಂಡನ ಹೆಸರನ್ನೂ ಬಿಡಲಿಲ್ಲ ನೋಡು. ಮಗನ ಮೇಲೆ ಹಾಗೇ ಉಳಿಸಿದ್ಲು. ಅವನು ಯಾರೋ ದೂರದಿಂದ ಬಂದವನು, ನೆನಪಿಟ್ಕೊಳ್ಳೋಕೆ ಇನ್ಯಾರೂ ಇರಲಿಲ್ಲ ಅವನಿಗೆ."

ಯುಗೆತ್ ಪೆರಿನ್‌ಳ ಬಗ್ಗೆ ಯೋಚಿಸುತ್ತಿದ್ದಳು. ನಾನು ಯೋಚಿಸುತ್ತಿದ್ದದ್ದು ಆ ನಿಕೊಲಾ ಲದೂಸರ್‌ನ ಬಗ್ಗೆ. ತನಗೆ ಹುಟ್ಟಿದ ಮೊದಲ ಮಗ. ಅವನಿಗೆ ಹೆಂಡತಿ ಸತ್ತ ಕೂಸಿನ ಹೆಸರಿಟ್ಟಳು, ಊರವರು ಸತ್ತ ಗಂಡನ ಹೆಸರಿಟ್ಟರು. ಇವನು ಬಾಗಿಲಲ್ಲಿ ನಿಂತು, ಆಗಲಿ, ಅದೇ ಇರಲಿ ಎಂದಿರಬೇಕು. ಹೆಸರಿಗೆ ತಕ್ಕವನು ಅವನು. ಅವನ ರಕ್ತ ಹಂಚಿಕೊಂಡು ಹುಟ್ಟಿದ ನಾನು ಅರ್ಧ ವರ್ಷದಿಂದ ಹೆಂಡತಿಯ ಜೊತೆ ನಾಲ್ಕು ಅಕ್ಷರಕ್ಕೆ ಕಾದಾಡುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಯ ಕೆಳಗೆ ದುಃಖ ಇದ್ದೇ ಇತ್ತು, ಆದರೆ ಮೊದಲಿನ ಹಾಗೆ ಚುಚ್ಚಲಿಲ್ಲ. ನನ್ನದೆಂದು ಹಿಡಿದುಕೊಂಡದ್ದೇ ಯಾರೋ ಒಬ್ಬ ಒಳ್ಳೆಯವನು ಬಿಟ್ಟುಕೊಟ್ಟಿದ್ದರಿಂದ ನನಗೆ ಬಂದದ್ದಾಗಿತ್ತು.

ಅದಾದ ಮೇಲೆ ಮನೆಯಲ್ಲಿ ಹೆಸರಿನ ಮಾತೇ ಏಳಲಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಅತಿ ಸೌಜನ್ಯದಿಂದ ಉಪ್ಪಿನ ಡಬ್ಬಿ ದಾಟಿಸುತ್ತಿದ್ದೆವು. ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಯುಗೆತ್ ಕೆಳಗೆ ಯಾರದೋ ತಲೆ ತೊಳೆಯುತ್ತಿದ್ದಾಗ ನಾನು ಎಲೋದಿಗೆ ಫೋನ್ ಮಾಡಿದೆ.

"ಲದೂಸರ್ ಅಂತಾನೇ ಇಡಮ್ಮ. ನಂದು ಬೇಡ."

"ಅಪ್ಪ, ಖಂಡಿತಾನಾ?"

"ಖಂಡಿತ. ಆದ್ರೆ ನಾನೇ ಹೇಳಿದೆ ಅಂತ ನಿಮ್ಮಮ್ಮಂಗೆ ಹೇಳಬೇಡ. ಆಮೇಲೆ ಜೀವನಪರ್ಯಂತ ಆಡ್ಕೊಳ್ತಾಳೆ."

ಫೋನ್ ಇಟ್ಟಾಗ ನನಗೆ ಎದೆ ಹಗುರಾಯಿತು. ನನ್ನ ತ್ಯಾಗ ನನಗೇ ತುಂಬಾ ಹಿಡಿಸಿತು. ಆ ರಾತ್ರಿ ಎರಡನೇ ಸಲ ಬಡಿಸಿಕೊಂಡು ಊಟ ಮಾಡಿದೆ.

ಜೂನ್ ತಿಂಗಳಲ್ಲಿ, ನದಿಯ ದಡದಲ್ಲಿ ಲೈಲಾಕ್ ಹೂ ಬಿಟ್ಟ ವಾರ, ಮಗು ಹುಟ್ಟಿತು. ಹೆಣ್ಣು. ಹೆಸರು ಫ್ಲಾವಿ. ರೋಲಾಂದ್ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಎಲ್ಲರೂ ಆಸ್ಪತ್ರೆಗೆ ಹೋದೆವು. ಜೆರೆಮಿಯ ಅಪ್ಪ ಪೆಲ್ತಿಯೆ ಮಹಾಶಯ ಆಗಲೇ ಬಂದು ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ನಾನು ಮಗುವಿನ ತೊಟ್ಟಿಲಿಗೆ ಕಟ್ಟಿದ್ದ ಚೀಟಿಯನ್ನು, ನನಗೇನೂ ಅಂಥ ಕುತೂಹಲ ಇಲ್ಲವೆಂಬಂತೆ, ಕನ್ನಡಕ ಏರಿಸಿ ಓದಿದೆ. ಯುಗೆತ್ ಕೂಡ ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಬಗ್ಗಿದಳು. ನಮ್ಮ ತಲೆಗಳು ಡಿಕ್ಕಿ ಹೊಡೆದವು.

ಫ್ಲಾವಿ ಪೆಲ್ತಿಯೆ-ಲೆವೆಕ್.

"ಇದೇನೇ ಇದು?" ಎಂದಳು ಯುಗೆತ್. "ತ್ರಾಂಶ್‌ಮೊಂತಾನ್ ಎಲ್ಲಿ?"

"ಲದೂಸರ್ ಎಲ್ಲಿ?" ಎಂದೆ ನಾನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಎಲೋದಿ ದಿಂಬಿಗೆ ಒರಗಿದ್ದಳು. ದಣಿದಿದ್ದಳು, ಆದರೆ ಅವಳ ಮುಖದಲ್ಲಿ ಯುಗೆತ್ ಅಂಗಡಿಯಲ್ಲಿ ಸುದ್ದಿ ಹೇಳುವಾಗಿನ ನಗೆಯಿತ್ತು. "ನೀವೇ ಹೇಳಿದ್ದಲ್ವಾ? ಒಂದು ದಿನ ಅಪ್ಪ ಫೋನ್ ಮಾಡಿ, ನಂದು ಬೇಡ, ಅಮ್ಮಂಗೆ ಹೇಳಬೇಡ ಅಂದ. ಅದೇ ದಿನ ಸಾಯಂಕಾಲ ಅಮ್ಮ ಫೋನ್ ಮಾಡಿ, ನಂದು ಬೇಡ, ಅಪ್ಪಂಗೆ ಹೇಳಬೇಡ ಅಂದ್ಲು. ಯಾರ ಮಾತು ಕೇಳಿದ್ರೂ ಇನ್ನೊಬ್ಬರ ತ್ಯಾಗ ಹಾಳಾಗ್ತಿತ್ತು. ಇಬ್ಬರ ಮಾತೂ ನಡೆಸಿ, ಜೆರೆಮಿದೇ ಎರಡೂ ಇಟ್ಟುಬಿಟ್ಟೆ."

"ನೀನ್ಯಾಕೆ ಬೇಡ ಅಂದೆ?" ಎಂದೆ ಯುಗೆತ್‌ಗೆ.

"ಆ ಪೆರಿನ್ ಅಷ್ಟು ಕಷ್ಟಪಟ್ಟು ಉಳಿಸಿದ ಹೆಸರನ್ನ ನಾನು ಯಾಕೆ ಅಳಿಸಲಿ ಅಂತ." ಅವಳ ಕಣ್ಣು ತೇವವಾಗಿತ್ತು. "ನೀನ್ಯಾಕೆ ಬೇಡ ಅಂದೆ, ಪೆದ್ದ?"

ನಿಕೊಲಾನ ವಿಷಯ ಅಷ್ಟು ಜನರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ. ನಮ್ಮ ಮದುವೆಯಲ್ಲಿ ಇಬ್ಬರೂ ಒಂದೇ ದಿನ ಸೋತದ್ದು ಅದೇ ಮೊದಲು. ಯಾವ ಕಾಲಕ್ಕೂ ಒಂದು ಮಾತೂ ಆಡದೆ, ಹೋರಾಡದೆ, ಹಾಕಿ ಪಂದ್ಯ ನೋಡಿಕೊಂಡಿದ್ದ ಪೆಲ್ತಿಯೆ ಮಹಾಶಯ ಮಾತ್ರ ಕಿಟಕಿಯ ಪಕ್ಕ ಗೊರಕೆ ಹೊಡೆಯುತ್ತಾ ಗೆದ್ದುಬಿಟ್ಟಿದ್ದ.

"ತನ್ನಿ ಇಲ್ಲಿ," ಎಂದಳು ರೋಲಾಂದ್ ಅತ್ತೆ. ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆವು. ಅತ್ತೆ ಅದರ ಮುಷ್ಟಿಯನ್ನು ಬಿಡಿಸಿ ತನ್ನ ಬೆರಳು ಕೊಟ್ಟಳು. ಬಹಳ ಹೊತ್ತು ಮುಖ ನೋಡಿದಳು.

"ಬಂದ್ಯಾ, ಇನ್ನೊಬ್ಬಳು," ಎಂದಳು.

"ಅದು ಗಂಡುಮಕ್ಕಳಿಗೆ ಮಾತ್ರ ಅಲ್ವಾ ಅತ್ತೆ?" ಎಂದೆ.

"ಯಾರು ಹೇಳಿದ್ದು? ಈಗ ಹೇಳೋಳು ನಾನು. ಹೇಳೋಕೆ ಇನ್ಯಾರು ಉಳಿದಿದ್ದಾರೆ?" ಅತ್ತೆ ತಲೆಯೆತ್ತಲಿಲ್ಲ. "ಇವಳ ಹುಟ್ಟುಹಬ್ಬಕ್ಕೆ ಒಂದು ಚೂರು ಕೇಕು ಕಿಟಕಿ ಮೇಲಿಡಿ. ಮರೀಬೇಡಿ. ಇವನ ಕೈಗೆ ಎಟುಕದ ಹಾಗೆ ಎತ್ತರದಲ್ಲಿಡಿ."

ಅಂಚೆಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಯಾರು ಬೇಕಾದರೂ ಕೀಳಲಿ ಎಂದುಕೊಂಡೆ. ಒಂದು ತೊಟ್ಟಿಲಿನ ನೆನಪು ಯಾವ ಚೀಟಿಯೂ ಇಲ್ಲದೆ ಇಲ್ಲಿಯವರೆಗೆ ನಡೆದುಬಂದಿದೆ, ಇನ್ನು ಮುಂದೆಯೂ ನಡೆಯುತ್ತದೆ. ಈ ಉದಾತ್ತ ವಿಚಾರದಲ್ಲಿ ನಾನು ಮುಳುಗಿರುವಾಗ ಯುಗೆತ್ ಮೊಣಕೈಯಿಂದ ತಿವಿದಳು.

"ಇವಳು ಇನ್ನೊಬ್ಬಳಾದ್ರೆ ಅತ್ತೆ, ಇವನನ್ನ ಇನ್ಮೇಲೆ ಏನಂತ ಕರೀಬೇಕು?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, ಅದರಲ್ಲಿ ಕೇಳುವುದೇನಿದೆ ಎಂಬ ಹಾಗೆ, "ಮುದುಕ," ಎಂದಳು.

ಅಂದಿನಿಂದ ಯುಗೆತ್ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದಿಲ್ಲ. ಕೋಪ ಬಂದರೂ ಇಲ್ಲ. ನೆಲಮಾಳಿಗೆಯಿಂದ ಒಂದೇ ಒಂದು ಪದ ಕೂಗುತ್ತಾಳೆ, ಅಂಗಡಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಾ ಕುಳಿತ ಹೆಂಗಸರೆಲ್ಲ ನಗುತ್ತಾರೆ, ನಾನು "ಬಂದೆ" ಎನ್ನುತ್ತೇನೆ.